ವಿಜಯಪುರದ ಎಂಟು ವಾರಗಳ ಮೈಂಡ್‌ಫುಲ್‌ನೆಸ್ ತರಬೇತಿ: ಶುಲ್ಕ ಕಟ್ಟಿ ಸೇರಬಹುದೇ?

ವಿಜಯಪುರದ ಸೋಲಾಪುರ ರಸ್ತೆಯ ಬದಿಯ ಸಭಾಂಗಣವೊಂದರಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ನಡೆಯುವ ಎಂಟು ವಾರಗಳ ಮೈಂಡ್‌ಫುಲ್‌ನೆಸ್, ಅಂದರೆ ಈ ಕ್ಷಣದ ಅನುಭವವನ್ನು ಗಮನಿಸುವ ಧ್ಯಾನದ, ತರಬೇತಿಗೆ ಈಗ ಮುಂದಿನ ತಂಡದ ನೋಂದಣಿ ಶುರುವಾಗಿದೆ. ಹಿಂದಿನ ತಂಡದಲ್ಲಿ ಕೂತು ಮುಗಿಸಿದ್ದರಿಂದ ಸೇರಬಹುದೇ ಎಂದು ನನ್ನನ್ನು ಕೇಳುವವರು ಹೆಚ್ಚಾಗಿದ್ದಾರೆ. ಅವರಿಗೆಲ್ಲ ಒಟ್ಟಿಗೆ ಉತ್ತರವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ. ತರಬೇತಿ ನಡೆಸುವ ಸಂಸ್ಥೆ ಹೊರಗಿನದು. ಅದರ ಹೆಸರು ಇಲ್ಲಿ ಬೇಡ. ಶುಲ್ಕ ಒಬ್ಬರಿಗೆ 9,500 ರೂಪಾಯಿ. ವಾರಕ್ಕೊಮ್ಮೆ ಎರಡೂವರೆ ಗಂಟೆಯ ತರಗತಿ, ಆರನೇ ವಾರದ ನಂತರ ಒಂದು ಪೂರ್ಣ ದಿನದ ಮೌನ, ಮನೆಯಲ್ಲಿ ದಿನವೂ ಮುಕ್ಕಾಲು ಗಂಟೆಯ ಅಭ್ಯಾಸ, ಕೊನೆಗೊಂದು ಪ್ರಮಾಣಪತ್ರ. ಕರಪತ್ರದ ಮೇಲೆ ದಪ್ಪ ಅಕ್ಷರಗಳಲ್ಲಿ ‘ಅಮೆರಿಕದ ವೈದ್ಯವಿಜ್ಞಾನದ ಕೊಡುಗೆ, ಯಾವ ಧರ್ಮಕ್ಕೂ ಸಂಬಂಧವಿಲ್ಲ’ ಎಂದು ಅಚ್ಚು ಹಾಕಿಸಿದ್ದಾರೆ. ಈ ಸಾಲಿನ ಮೊದಲ ಅರ್ಧ ಸರಿ, ಎರಡನೆಯ ಅರ್ಧ ಸರಿಯಲ್ಲ. ತರಬೇತಿಯ ಗುಣದೋಷಗಳೆರಡೂ ಅಲ್ಲಿಂದಲೇ ಹೊರಡುತ್ತವೆ ಎಂಬುದು ನನ್ನ ಅಭಿಪ್ರಾಯ.

ಮೊದಲ ತರಗತಿಯಲ್ಲಿ ಪ್ರತಿಯೊಬ್ಬರ ಅಂಗೈಗೂ ಒಂದೊಂದು ಒಣದ್ರಾಕ್ಷಿ ಕೊಟ್ಟರು. ಮೂಲ ಅಮೆರಿಕನ್ ಪಠ್ಯಕ್ರಮದಲ್ಲಿಯೇ ಇರುವ ಅಭ್ಯಾಸವಿದು. ಜೀವಮಾನದಲ್ಲಿ ಮೊದಲ ಬಾರಿಗೆ ಕಂಡ ವಸ್ತುವೆಂಬಂತೆ ಅದನ್ನು ನೋಡಬೇಕು, ಬೆರಳ ನಡುವೆ ಹೊರಳಿಸಬೇಕು, ಮೂಸಬೇಕು, ಕಿವಿಯ ಹತ್ತಿರ ಹಿಡಿಯಬೇಕು, ನಾಲಿಗೆಯ ಮೇಲಿಟ್ಟು ಸ್ವಲ್ಪ ತಡೆದು ಆಮೇಲೆ ನಿಧಾನವಾಗಿ ಅಗಿಯಬೇಕು. ಬೋಸ್ಟನ್ನಿನ ಸುತ್ತಮುತ್ತ ಇದು ನಡೆದೀತು. ಇಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದವರು ತಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿ ಬೆಳೆಗಾರರು. ಅವರಲ್ಲೊಬ್ಬರು ಕಾಳನ್ನು ಕಿಟಕಿಯ ಬೆಳಕಿಗೆ ಹಿಡಿದು, ‘ಇದು ಗಂಧಕದ ಹೊಗಿ ಕೊಟ್ಟ ಮಾಲ್ ಐತ್ರಿ, ಬರೇ ನೆರಳಾಗ ಒಣಗಿಸಿದ್ರ ಬಣ್ಣ ಹಿಂಗ ಬರಂಗಿಲ್ಲ’ ಎಂದರು. ಗೊಂಚಲನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಈಥೈಲ್ ಓಲಿಯೇಟ್ ಬೆರೆಸಿದ ನೀರಿನಲ್ಲಿ ಅದ್ದುವುದು, ಶೆಡ್ಡಿನೊಳಗಿನ ಬಲೆಗಳ ಮೇಲೆ ಹರಡುವುದು, ಎರಡು ವಾರ ದಾಟುವವರೆಗೂ ಮೋಡವಾದೀತೆಂದು ಆಕಾಶ ನೋಡುತ್ತಿರುವುದು, ಮಾಲು ಹೊತ್ತು ತಾಸಗಾಂವಕ್ಕೋ ಸಾಂಗಲಿಗೋ ಹೋದಾಗ ಬಣ್ಣದ ಮೇಲೆಯೇ ದರ ನಿಲ್ಲುವುದು, ಹೀಗೆ ಅವರು ಮಾತು ಮುಂದುವರಿಸುತ್ತಿದ್ದಾಗ ತರಬೇತುದಾರರು ನಯವಾಗಿ ತಡೆದು, ‘ಇವೆಲ್ಲ ಯೋಚನೆಗಳು, ಬರೀ ರುಚಿಗೆ ಮರಳಿ’ ಎಂದರು.

ಪಠ್ಯಕ್ರಮದ ಪ್ರಕಾರ ತರಬೇತುದಾರರು ಹೇಳಿದ್ದು ತಪ್ಪಲ್ಲ. ಆದರೆ ಬೌದ್ಧ ಚಿಂತನೆ ಬಲ್ಲ ಯಾರಾದರೂ ಆ ಜಾಗದಲ್ಲಿ ಇದ್ದಿದ್ದರೆ ಬೆಳೆಗಾರರ ಮಾತನ್ನೇ ಹಿಡಿದು ಪಾಠ ಮುಂದುವರಿಸುತ್ತಿದ್ದರು. ಯಾವುದೂ ತಾನಾಗಿ ಇಲ್ಲ, ಕಾರಣಗಳ ಮೇಲೆ ಕಾರಣಗಳು ಕೂಡಿ ಪ್ರತಿಯೊಂದೂ ಹುಟ್ಟುತ್ತದೆ ಎಂಬ ಪ್ರತೀತ್ಯಸಮುತ್ಪಾದವೇ ಬುದ್ಧನ ಬೋಧನೆಯ ತಿರುಳು. ವಿಯೆಟ್ನಾಮಿನ ಭಿಕ್ಷು ತಿಕ್ ನ್ಯಾತ್ ಹನ್ ಪಾಶ್ಚಾತ್ಯ ಶಿಷ್ಯರಿಗೆ ಒಂದು ಹಾಳೆ ಕಾಗದ ತೋರಿಸಿ ಅದರೊಳಗೆ ಮೋಡವನ್ನು, ಮಳೆಯನ್ನು, ಮರ ಕಡಿದವನನ್ನು ನೋಡಿ ಎನ್ನುತ್ತಿದ್ದರು. ನಮ್ಮ ಬೆಳೆಗಾರರು ಯಾರೂ ಹೇಳಿಕೊಡದೆ ಅದನ್ನೇ ಮಾಡುತ್ತಿದ್ದರು. ಒಂದು ಕಾಳಿನೊಳಗೆ ಗಂಧಕ, ಬಿಸಿಲು, ಕೂಲಿ, ದರ ಎಲ್ಲವನ್ನೂ ಕಂಡ ಮನುಷ್ಯನಿಗೆ ಕಣ್ಣು ಮುಚ್ಚಿ ಬರೀ ಸಿಹಿಯನ್ನು ಗಮನಿಸು ಎಂದದ್ದು ನನಗೆ ಈ ಇಡೀ ತರಬೇತಿಯ ಸ್ವಭಾವವನ್ನು ತೋರಿಸಿಕೊಟ್ಟಿತು.

ತರಬೇತಿ ಬಂದ ದಾರಿಯನ್ನು ತರಗತಿಯಲ್ಲಿ ಎರಡು ನಿಮಿಷದಲ್ಲಿ ಮುಗಿಸಿದರು. 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಜಾನ್ ಕಬಾಟ್-ಝಿನ್ ಎಂಬ ಜೀವವಿಜ್ಞಾನಿ ಇದನ್ನು ಆರಂಭಿಸಿದರು, ಔಷಧಿಯಿಂದ ಗುಣವಾಗದ ನೋವಿನ ರೋಗಿಗಳಿಗೆ ಇದರಿಂದ ಸಮಾಧಾನ ಸಿಕ್ಕಿತು, ಅಲ್ಲಿಗೆ ಕಥೆ ಮುಗಿಯಿತು. ಕಬಾಟ್-ಝಿನ್ ಅವರು ಕೊರಿಯಾದ ಝೆನ್ ಗುರು ಸುಂಗ್ ಸಾನ್ ಅವರ ಬಳಿ ಕಲಿತವರು. ಈ ತರಬೇತಿಯ ಕುರಿತು 1990ರಲ್ಲಿ ಅವರು ಬರೆದ ಪುಸ್ತಕಕ್ಕೆ ಮುನ್ನುಡಿ ಬರೆದುಕೊಟ್ಟವರು ತಿಕ್ ನ್ಯಾತ್ ಹನ್ ಅವರೇ. ಆಸ್ಪತ್ರೆಯ ಬಾಗಿಲಲ್ಲಿ ಬುದ್ಧನ ಹೆಸರು ಹೇಳಿದರೆ ರೋಗಿಗಳೂ ವೈದ್ಯರೂ ಹಿಂಜರಿಯುತ್ತಾರೆಂದು ತಿಳಿದೇ ಕಬಾಟ್-ಝಿನ್ ಆ ಹೆಸರನ್ನು ಬದಿಗಿಟ್ಟರು. ಅಂದಿನ ಅಮೆರಿಕದಲ್ಲಿ ಅದಕ್ಕೊಂದು ಅರ್ಥವಿತ್ತು. ಬುದ್ಧನ ನಾಡಿನಲ್ಲಿಯೇ, ಅದೂ ಐಹೊಳೆಯ ಮೇಗುತಿ ಗುಡ್ಡದಲ್ಲಿ ಅರ್ಧ ಕಟ್ಟಿದ, ಅರ್ಧ ಬಂಡೆ ಕೊರೆದ ಎರಡಂತಸ್ತಿನ ಬೌದ್ಧ ಚೈತ್ಯ ಇನ್ನೂ ನಿಂತಿರುವ ಸೀಮೆಯಲ್ಲಿ ಅದೇ ಹಿಂಜರಿಕೆಯನ್ನು ಏಕೆ ಮುಂದುವರಿಸಬೇಕೆಂಬುದು ನನಗೆ ತಿಳಿಯಲಿಲ್ಲ.

ಇನ್ನೂ ಹಿಂದೆ ಹೋದರೆ ದಾರಿ ಬರ್ಮಾದಲ್ಲಿ ಸೇರುತ್ತದೆ. 1885ರಲ್ಲಿ ಬ್ರಿಟಿಷರು ಮಾಂಡಲೆಯನ್ನು ಹಿಡಿದು ರಾಜನನ್ನು ಗಡೀಪಾರು ಮಾಡಿದ ಮೇಲೆ, ರಾಜಾಶ್ರಯವಿಲ್ಲದ ಧರ್ಮ ಉಳಿಯಬೇಕಾದರೆ ಗೃಹಸ್ಥರೂ ಕಲಿಯಬೇಕೆಂದು ಲೆಡಿ ಸಯಾಡೊ ಅವರಂಥ ಭಿಕ್ಷುಗಳು ಊರೂರು ತಿರುಗಿ ಧ್ಯಾನ ಕಲಿಸಿದರು. ಅದೇ ಪರಂಪರೆಯಲ್ಲಿ ಬರ್ಮಾ ಸರ್ಕಾರದ ಅಕೌಂಟೆಂಟ್ ಜನರಲ್ ಆಗಿದ್ದ ಊ ಬಾ ಖಿನ್ ಬಂದರು. ಅವರ ಬಳಿಗೆ 1955ರಲ್ಲಿ ಮೈಗ್ರೇನ್ ತಾಳಲಾರದೆ ಬಂದವರು ಮಾಂಡಲೆಯಲ್ಲಿ ಹುಟ್ಟಿದ ವ್ಯಾಪಾರಿ ಸತ್ಯನಾರಾಯಣ ಗೋಯೆಂಕಾ. ತಲೆನೋವಿಗಾಗಿ ಧರ್ಮವನ್ನು ಅಗ್ಗ ಮಾಡಬೇಡ ಎಂದು ಗುರು ಮೊದಲು ಅವರನ್ನು ಹಿಂದೆ ಕಳಿಸಲು ನೋಡಿದ ಪ್ರಸಂಗ ಗೋಯೆಂಕಾ ಪರಂಪರೆಯ ವಿಪಶ್ಯನ ಧ್ಯಾನ ಶಿಬಿರಗಳಿಗೆ ಹೋದವರಿಗೆಲ್ಲ ಗೊತ್ತು. ಅದೇ ಬರ್ಮೀ ಪದ್ಧತಿಗಳನ್ನು ಏಷ್ಯಾದಲ್ಲಿ ಕಲಿತು ಹಿಂತಿರುಗಿದ ಅಮೆರಿಕನ್ ಯುವಕ ಯುವತಿಯರು 1970ರ ದಶಕದ ನಡುವಿನಲ್ಲಿ ಮ್ಯಾಸಚೂಸೆಟ್ಸ್‌ನ ಬ್ಯಾರಿಯಲ್ಲಿ ಧ್ಯಾನ ಕೇಂದ್ರ ತೆರೆದರು. ತಲೆನೋವಿಗೆ ಕೊಡಲಾರೆ ಎಂದ ಪರಂಪರೆಯಿಂದ ಬಂದದ್ದು ಕೊನೆಗೆ ತಲೆನೋವಿಗೆಂದೇ ಮಾರಾಟವಾಗುತ್ತಿದೆ ಎಂದು ಯಾರಾದರೂ ನಕ್ಕರೆ ಅವರನ್ನು ಪೂರ್ತಿ ತಪ್ಪೆನ್ನಲಾಗದು. ವಿದ್ಯೆ ಒಂದೇ ದಿಕ್ಕಿಗೆ ಹರಿಯಲಿಲ್ಲ ಎನ್ನುವುದಕ್ಕೆ ಇನ್ನೊಂದು ನೆನಪು: ನಮ್ಮ ನೆರೆಯ ಗೋವೆಯ ಧರ್ಮಾನಂದ ಕೋಸಂಬಿ ಸಿಂಹಳ, ಬರ್ಮಾಗಳಲ್ಲಿ ಪಾಲಿ ಕಲಿತು 1910ರಲ್ಲಿ ಹಾರ್ವರ್ಡ್‌ಗೆ ಹೋಗಿ, ಧ್ಯಾನದ ಮಹಾಗ್ರಂಥವಾದ ವಿಸುದ್ಧಿಮಗ್ಗದ ಸಂಪಾದನೆಯಲ್ಲಿ ಅಲ್ಲಿನ ವಿದ್ವಾಂಸರೊಂದಿಗೆ ದುಡಿದಿದ್ದರು.

ಇನ್ನು ಅಭ್ಯಾಸದ ವಿಚಾರ. ಎರಡನೆಯ ವಾರದಿಂದ ಬರುವ ದೇಹದ ಗಮನಿಕೆ, ಅಂದರೆ ಅಂಗಾತ ಮಲಗಿ ಎಡಗಾಲ ಹೆಬ್ಬೆರಳಿನಿಂದ ಶುರುಮಾಡಿ ನೆತ್ತಿಯವರೆಗೆ ಒಂದೊಂದೇ ಅಂಗದ ಸಂವೇದನೆಯನ್ನು ನೋಡುತ್ತ ಹೋಗುವುದು, ಈ ತರಬೇತಿಯ ಅತ್ಯುತ್ತಮ ಭಾಗ. ಅರ್ಧ ಸಭಾಂಗಣ ಮೊದಲ ದಿನ ಗೊರಕೆ ಹೊಡೆಯಿತು. ತರಬೇತುದಾರರು ಯಾರನ್ನೂ ಎಬ್ಬಿಸಲಿಲ್ಲ, ಗೇಲಿ ಮಾಡಲಿಲ್ಲ, ಮುಂದಿನ ವಾರ ಕಣ್ಣು ತೆರೆದುಕೊಂಡೇ ಮಾಡಿ ಎಂದು ಸಲಹೆ ಕೊಟ್ಟರು. ಅವರ ತಾಳ್ಮೆ, ಪ್ರಶ್ನೆ ಕೇಳಿದವರ ಮಾತನ್ನು ಕೊನೆಯವರೆಗೆ ಕೇಳುವ ಗುಣ, ಸಮಯಪಾಲನೆ ಮೆಚ್ಚತಕ್ಕವು. ನಾಲ್ಕನೆಯ ವಾರದ ಹೊತ್ತಿಗೆ, ಸಿಟ್ಟು ಬಂದಾಗ ಮೊದಲು ದವಡೆ ಬಿಗಿಯುತ್ತದೆ, ಮಾತು ಆಮೇಲೆ ಹೊರಡುತ್ತದೆ ಎಂಬುದನ್ನು ನಾನು ನನ್ನಲ್ಲಿಯೇ ಕಂಡುಕೊಂಡೆ. ಆ ನಡುವಿನ ಚೂರು ಬಿಡುವು ಕಚೇರಿಯಲ್ಲಿ ಉಪಯೋಗಕ್ಕೆ ಬಂದಿದೆ. ಗಮನದ ಅಭ್ಯಾಸ ಕುರಿತ ಬುದ್ಧನ ಉಪದೇಶವಾದ ಸತಿಪಟ್ಠಾನ ಸುತ್ತದಲ್ಲಿ ಕಾಯ, ವೇದನೆ (ಅಂದರೆ ಸಂವೇದನೆ), ಚಿತ್ತ, ಧರ್ಮ ಎಂದು ಗಮನದ ನಾಲ್ಕು ನೆಲೆಗಳನ್ನು ಹೇಳಿರುವುದರಲ್ಲಿ ಮೊದಲೆರಡನ್ನು ಇಷ್ಟು ಸರಳವಾಗಿ ಕಲಿಸಿದ್ದಕ್ಕೆ ನನ್ನ ತಕರಾರಿಲ್ಲ.

ತಕರಾರು ಇರುವುದು ಬಿಟ್ಟುಬಿಟ್ಟ ಭಾಗದ ಬಗ್ಗೆ. ಅದೇ ಸುತ್ತದಲ್ಲಿ ದೇಹವನ್ನು ಕೂದಲು, ಉಗುರು, ಹಲ್ಲು, ಪಿತ್ತ, ಕಫ ಎಂದು ಬಿಡಿಸಿ ನೋಡುವ ಕ್ರಮವಿದೆ. ಸ್ಮಶಾನದಲ್ಲಿ ಬಿದ್ದ ಹೆಣ ಹಂತಹಂತವಾಗಿ ಎಲುಬಿನ ಪುಡಿಯಾಗುವುದನ್ನು ನೆನೆದು, ನನ್ನದೂ ಇದೇ ಸ್ವಭಾವ ಎಂದು ಅರಿಯುವ ಕ್ರಮವಿದೆ. ಭಾನುವಾರ ಬೆಳಿಗ್ಗೆ ಶುಲ್ಕ ಕಟ್ಟಿದವರ ಮುಂದೆ ಇದನ್ನು ಹೇಳುವುದು ಕಷ್ಟವೆಂದು ಒಪ್ಪುತ್ತೇನೆ. ಆದರೆ ಪಂಚಶೀಲದ ವಿಷಯ ಹಾಗಲ್ಲ. ನಮ್ಮ ತಂಡದಲ್ಲಿ ಬುದ್ಧ ವಿಹಾರಕ್ಕೆ ಹೋಗುವ ಹಿರಿಯ ಶಿಕ್ಷಕರೊಬ್ಬರಿದ್ದರು. ಕೊಲ್ಲುವುದಿಲ್ಲ, ಕದಿಯುವುದಿಲ್ಲ, ಸುಳ್ಳಾಡುವುದಿಲ್ಲ ಎಂಬ ಶೀಲ ಮೊದಲು ಬರಬೇಕಲ್ಲವೇ, ಶೀಲವಿಲ್ಲದ ಏಕಾಗ್ರತೆ ಕಳ್ಳನಿಗೂ ಇರುತ್ತದೆ ಎಂದು ಅವರು ಮೂರನೆಯ ವಾರ ಕೇಳಿದರು. ‘ಅದು ಧರ್ಮದ ವಿಷಯವಾಗುತ್ತದೆ’ ಎಂದು ಉತ್ತರ ಬಂತು. ಅವರ ಮನೆಯಲ್ಲಿ ಬೌದ್ಧಧರ್ಮ ಬಂದದ್ದು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅಂಬೇಡ್ಕರ್ ಅವರು ಕೊಟ್ಟ ದೀಕ್ಷೆಯ ಹಾದಿಯಿಂದ. ಆ ಹಾದಿಯಲ್ಲಿ ಧಮ್ಮವೆಂದರೆ ಮನುಷ್ಯ ಮನುಷ್ಯನೊಂದಿಗೆ ಹೇಗೆ ಬದುಕಬೇಕೆಂಬ ಪ್ರಶ್ನೆ. ರಕ್ತದೊತ್ತಡದ ಪ್ರಶ್ನೆ ಆಮೇಲಿನದು. ಕೊಲಂಬಿಯಾದಲ್ಲಿಯೂ ಲಂಡನ್ನಿನಲ್ಲಿಯೂ ಓದಿದ ಅಂಬೇಡ್ಕರ್ ಕೂಡ ಪಶ್ಚಿಮವನ್ನು ಎದುರಿಸಿಯೇ ಬುದ್ಧನನ್ನು ಆರಿಸಿಕೊಂಡವರು. ನಿಧನದ ನಂತರ 1957ರಲ್ಲಿ ಪ್ರಕಟವಾದ ಅವರ ಕೃತಿಯಲ್ಲಿ ನಾಲ್ಕು ಆರ್ಯಸತ್ಯಗಳು ಮೂಲ ಬೋಧನೆಯೇ ಹೌದೇ ಎಂಬ ಪ್ರಶ್ನೆಯನ್ನೂ ಅವರು ಎತ್ತಿದ್ದಾರೆ. ಅಂದರೆ ಆರಿಸಿಕೊಳ್ಳುವುದು, ಬಿಡುವುದು ಯಾರಿಗೂ ನಿಷಿದ್ಧವಲ್ಲ. ಅಂಬೇಡ್ಕರ್ ತಾವು ಏನನ್ನು ಆರಿಸಿದೆ, ಏನನ್ನು ಬಿಟ್ಟೆ, ಏಕೆ ಎಂದು ಬಹಿರಂಗವಾಗಿ ಬರೆದರು. ಈ ಸಂಸ್ಥೆ ತಾನು ಆರಿಸಿಕೊಂಡದ್ದಕ್ಕೆ ಮೂಲವೇ ಇಲ್ಲವೆಂದು ಕರಪತ್ರ ಹಂಚುತ್ತದೆ. ವ್ಯತ್ಯಾಸ ಅಲ್ಲಿದೆ.

ಹೀಗೆ ಮುಚ್ಚಿಡುವ ಅಗತ್ಯ ವಿಜ್ಞಾನಕ್ಕೂ ಇಲ್ಲ. 2013ರ ಜನವರಿಯಲ್ಲಿ, ಇಲ್ಲಿಂದ ಬಹುದೂರವಲ್ಲದ ಮುಂಡಗೋಡದ ಟಿಬೆಟನ್ ಬೌದ್ಧರ ಡ್ರೆಪುಂಗ್ ಮಠದಲ್ಲಿ ದಲೈ ಲಾಮಾ ಅವರೂ ಪಾಶ್ಚಾತ್ಯ ನರವಿಜ್ಞಾನಿಗಳೂ ಭೌತವಿಜ್ಞಾನಿಗಳೂ ದಿನಗಟ್ಟಲೆ ಎದುರುಬದುರು ಕೂತು, ಸಾವಿರಾರು ಭಿಕ್ಷುಗಳ ಮುಂದೆ ಚರ್ಚೆ ನಡೆಸಿದ್ದರು. ಯಾರೂ ತಮ್ಮ ಗುರುತನ್ನು ಬಾಗಿಲಾಚೆ ಬಿಟ್ಟು ಬಂದಿರಲಿಲ್ಲ.

ಪ್ರಚಾರದಲ್ಲಿ ಹೇಳಿರುವ ಲಾಭಗಳನ್ನು ಒಂದಿಷ್ಟು ಸೋಸಿ ಓದಬೇಕು. ನಿದ್ರೆ, ರೋಗನಿರೋಧಕ ಶಕ್ತಿ, ತೂಕ, ಮಕ್ಕಳ ಅಂಕ ಎಲ್ಲವೂ ಪಟ್ಟಿಯಲ್ಲಿವೆ. ಧ್ಯಾನ ತರಬೇತಿಗಳ ಕುರಿತ 47 ಪ್ರಯೋಗಗಳನ್ನು, ಒಟ್ಟು 3,515 ಜನರ ಫಲಿತಾಂಶಗಳನ್ನು ಒಟ್ಟುಗೂಡಿಸಿ 2014ರಲ್ಲಿ ಜಾಮಾ ಇಂಟರ್ನಲ್ ಮೆಡಿಸಿನ್ ಪತ್ರಿಕೆಯಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ಆತಂಕ, ಖಿನ್ನತೆ, ನೋವು ಇವುಗಳಲ್ಲಿ ಸಾಧಾರಣ ಮಟ್ಟದ ಪುರಾವೆ ಸಿಕ್ಕಿತು. ನಿದ್ರೆ, ತೂಕ, ಏಕಾಗ್ರತೆಗಳ ಬಗ್ಗೆ ಗಟ್ಟಿ ಪುರಾವೆ ಸಿಗಲಿಲ್ಲ. ವ್ಯಾಯಾಮ, ಔಷಧಿಗಳಂಥ ಬೇರೆ ಚಿಕಿತ್ಸೆಗಳಿಗಿಂತ ಇದು ಮೇಲು ಎಂದೂ ಕಂಡುಬರಲಿಲ್ಲ. ಈಗ ಸಂಸ್ಥೆ ಹೈಸ್ಕೂಲು ಮಕ್ಕಳ ಪ್ರತ್ಯೇಕ ತಂಡ ಶುರುಮಾಡುತ್ತಿದೆ. ಬ್ರಿಟನ್ನಿನಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಶಾಲಾ ಮೈಂಡ್‌ಫುಲ್‌ನೆಸ್ ಪಾಠದಿಂದ ಎಂದಿನ ಪಾಠಕ್ಕಿಂತ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಆ ತಂಡಕ್ಕೆ ನಾನು ಯಾರಿಗೂ ಶಿಫಾರಸು ಮಾಡಲಾರೆ.

ಸೇವೆಯ ಕೊರತೆಗಳೂ ಇವೆ. ಮೂಲ ಅಮೆರಿಕನ್ ಪದ್ಧತಿಯಲ್ಲಿ ಸೇರುವ ಮೊದಲು ಪ್ರತಿಯೊಬ್ಬರೊಂದಿಗೂ ಮಾತಾಡಿ, ತೀವ್ರ ಮಾನಸಿಕ ತೊಂದರೆ ಇರುವವರನ್ನು ಗುರುತಿಸುತ್ತಾರೆ. ಇಲ್ಲಿ ಹಣ ಕಟ್ಟಿದ ರಸೀದಿ ಬಿಟ್ಟರೆ ಬೇರೇನನ್ನೂ ಕೇಳಲಿಲ್ಲ. ಪೂರ್ಣ ದಿನದ ಮೌನದಂದು ತಂಡದ ಒಬ್ಬ ಮಹಿಳೆ ಹಳೆಯ ದುಃಖ ಉಮ್ಮಳಿಸಿ ಎದ್ದು ಹೋದಾಗ ಹಿಂದೆ ಹೋಗಿ ವಿಚಾರಿಸಲು ಸಂಸ್ಥೆಯ ಎರಡನೆಯ ವ್ಯಕ್ತಿಯೇ ಅಲ್ಲಿರಲಿಲ್ಲ. ಮನೆಯ ಅಭ್ಯಾಸಕ್ಕೆ ಕೊಟ್ಟ ಧ್ವನಿಮುದ್ರಣಗಳೆಲ್ಲ ಇಂಗ್ಲಿಷಿನವು. ತರಗತಿಯಲ್ಲಿ ಚೆಂದವಾಗಿ ಕನ್ನಡ ಮಾತಾಡುವ ತರಬೇತುದಾರರು ಅದೇ ಮಾತನ್ನು ಮೊಬೈಲಿನಲ್ಲಿ ಹಿಡಿದು ಕೊಟ್ಟಿದ್ದರೂ ಸಾಕಿತ್ತು. ಒಂದು ತರಗತಿ ತಪ್ಪಿಸಿಕೊಂಡವರಿಗೆ ಮತ್ತೆ ಕೂರುವ ಅವಕಾಶ ಕೊಡದಿರುವುದು ಹಂಗಾಮಿನ ಕೆಲಸವಿರುವ ರೈತರಿಗೆ ಅನ್ಯಾಯ.

ಶುಲ್ಕದ ಬಗ್ಗೆ ಹೇಳಲೇಬೇಕು. ಗೋಯೆಂಕಾ ಪರಂಪರೆಯ ಹತ್ತು ದಿನದ ಶಿಬಿರಗಳಿಗೆ ಊಟ, ವಸತಿ ಸೇರಿ ಶುಲ್ಕವೇ ಇಲ್ಲ. ಒಂದು ಶಿಬಿರ ಮುಗಿಸಿದವರು ಮುಂದಿನವರಿಗಾಗಿ ಕೊಡುವ ದಾನದಿಂದ ಅವು ನಡೆಯುತ್ತವೆ. ನಮಗೆ ಹತ್ತಿರದಲ್ಲಿ ಕೊಲ್ಹಾಪುರದ ಕಡೆ ಒಂದು ಕೇಂದ್ರವಿದೆ, ದೊಡ್ಡದು ಇಗತಪುರಿಯಲ್ಲಿದೆ. ಅಲ್ಲಿ ನಸುಕಿನ ನಾಲ್ಕಕ್ಕೆ ಗಂಟೆ ಬಾರಿಸುತ್ತದೆ, ಮಾತಿಲ್ಲ, ಮೊಬೈಲಿಲ್ಲ, ದಿನಕ್ಕೆ ಹತ್ತು ಗಂಟೆಗಳಷ್ಟು ಕೂರಬೇಕು. ಮನೆ, ಅಂಗಡಿ, ತೋಟ ಬಿಟ್ಟು ಅಷ್ಟು ದಿನ ಹೋಗಲಾಗದವರಿಗೆ ಭಾನುವಾರದ ತರಗತಿ ಅನುಕೂಲವೇ. ಆ ಅನುಕೂಲಕ್ಕೆ 9,500 ಕೊಡಬಹುದೇ ಎಂದು ಅವರವರು ಲೆಕ್ಕ ಹಾಕಬೇಕು. ನನ್ನ ಲೆಕ್ಕದಲ್ಲಿ ಅರ್ಧ ಬೆಲೆಗೆ ಇದು ಒಳ್ಳೆಯ ತರಬೇತಿ.

ಆತಂಕ, ಕೆಲಸದ ಒತ್ತಡ, ಹಳೆಯ ಬೆನ್ನುನೋವು ಇರುವ ವಯಸ್ಕರು, ಮನೆಯ ಅಭ್ಯಾಸವನ್ನು ತಪ್ಪಿಸುವುದಿಲ್ಲ ಎಂಬ ನಂಬಿಕೆ ಇದ್ದರೆ ಸೇರಬಹುದು. ಮಾನಸಿಕ ಕಾಯಿಲೆಗೆ ಔಷಧಿ ತೆಗೆದುಕೊಳ್ಳುತ್ತಿರುವವರು ಮೊದಲು ತಮ್ಮ ವೈದ್ಯರನ್ನು ಕೇಳಬೇಕು. ಬೌದ್ಧ ಚಿಂತನೆಯನ್ನು ತಿಳಿಯುವ ಆಸೆಯಿಂದ ಬರುವವರಿಗೆ ಇಲ್ಲಿ ಹೆಚ್ಚೇನೂ ಸಿಗದು. ನಮ್ಮ ತಂಡದ ಶಿಕ್ಷಕರ ಜೊತೆ ಚಹಾದ ಬಿಡುವಿನಲ್ಲಿ ಆಡಿದ ಮಾತುಗಳೇ ನನಗೆ ಆ ಕೊರತೆ ತುಂಬಿದವು. ನೋಂದಣಿಯ ದಿನವೇ ಕನ್ನಡ ಧ್ವನಿಮುದ್ರಣ ಕೊಡುತ್ತೀರಾ, ತಪ್ಪಿದ ತರಗತಿಗೆ ಬದಲಿ ಇದೆಯೇ ಎಂದು ಕೇಳಿ ಬರಹದಲ್ಲಿ ಪಡೆಯಿರಿ. ಶುಲ್ಕದಲ್ಲಿ ರಿಯಾಯಿತಿಯನ್ನೂ ಕೇಳಿ. ನಮ್ಮ ತಂಡದಲ್ಲಿ ಕೇಳಿದವರಿಗೆ ಕೊಟ್ಟರು, ಕೇಳದವರಿಗೆ ಕೊಡಲಿಲ್ಲ.