ಹಳೇ ಬೊಲೆರೊ ಪಿಕಪ್‌ಗೆ ಹೊರಗಿನ ಸನ್ ವೈಸರ್: ಮೂರು ವರ್ಷ ಓಡಿಸಿದ ಮೇಲೆ

ನನ್ನದು 2010ರ ಬೊಲೆರೊ ಪಿಕಪ್. ಮಂಡ್ಯದ ಪಕ್ಕದ ನಮ್ಮೂರಿಂದ ಮೈಸೂರಿನ ಬಂಡೀಪಾಳ್ಯ ಮಾರ್ಕೆಟ್‌ಗೆ ವಾರಕ್ಕೆ ನಾಲ್ಕೈದು ದಿನ ತರಕಾರಿ ಹೊಡೆಯುತ್ತೇನೆ. ಮಧ್ಯಾಹ್ನ ಮೂರರ ಮೇಲೆ ಲೋಡ್ ಆಗಿ ಹೊರಟರೆ ದಾರಿಯುದ್ದಕ್ಕೂ ಸೂರ್ಯ ಎದುರಿಗೇ. ಈ ರಸ್ತೆ ಮಂಡ್ಯದಿಂದ ಮೈಸೂರಿಗೆ ನೈಋತ್ಯ ದಿಕ್ಕಿಗೆ ಹೋಗುತ್ತದೆ. ಡಿಸೆಂಬರ್, ಜನವರಿಯಲ್ಲಿ ಸೂರ್ಯ ಇಳಿಯುವುದೂ ಸುಮಾರಾಗಿ ಅದೇ ಕಡೆಗೆ. ಬೇಸಿಗೆಯಲ್ಲಿ ಬಿಸಿಲು ಜಾಸ್ತಿ ಇದ್ದರೂ ಸೂರ್ಯ ಬಲಗಡೆಗೆ ಸರಿದಿರುತ್ತಾನೆ, ಬಾಗಿಲಿನ ಗಾಜಿನಿಂದ ಹೊಡೆಯುತ್ತಾನೆ. ಹಾಗಾಗಿ ನನಗೆ ಕಷ್ಟದ ಕಾಲ ಚಳಿಗಾಲವೇ.

ಮುಂದಿನ ಗಾಜಿನ ಮೇಲೆ ಹೊರಗಡೆ ಸೂರಿನ ಹಾಗೆ ಚಾಚಿಕೊಂಡು ನೆರಳು ಕೊಡುವ ವೈಸರ್ ಹಾಕಿಸಬೇಕು ಅಂತ ಗಟ್ಟಿ ಮನಸ್ಸು ಮಾಡಿದ್ದು ಅಪ್ಪನಿಗಾಗಿ. ಕಣ್ಣಿನ ಪೊರೆ ತೆಗೆಸಿದ ಮೇಲೂ ಅವರು ನನ್ನ ಜೊತೆ ಮಾರ್ಕೆಟ್‌ಗೆ ಬರುವುದನ್ನು ಬಿಡಲಿಲ್ಲ. ಶ್ರೀರಂಗಪಟ್ಟಣ ಬರುವಷ್ಟರಲ್ಲಿ ಟವಲ್ ಎಳೆದು ಮುಖ ಮುಚ್ಚಿಕೊಂಡು, "ಕಣ್ ಬುಡೋಕಾಯ್ತಿಲ್ಲ ಕಣ್ಲಾ ಮಗಾ" ಅನ್ನೋರು. ಗಾಜಿಗೆ ಕಪ್ಪು ಫಿಲಂ ಅಂಟಿಸುವ ಯೋಚನೆ ನಾನು ಮಾಡಲಿಲ್ಲ. ಸುಪ್ರೀಂ ಕೋರ್ಟ್ 2012ರಲ್ಲೇ ಅದಕ್ಕೆ ತಡೆ ಹಾಕಿದೆ, ಮುಂದಿನ ಗಾಜಿನಲ್ಲಿ ಕನಿಷ್ಠ ಶೇ. 70ರಷ್ಟು ಬೆಳಕು ಹಾಯಬೇಕು ಅನ್ನುವ ನಿಯಮವೂ ಇದೆ. ಒಳಗಿನ ಮಡಚುವ ವೈಸರ್ ಇದ್ದೇ ಇತ್ತು, ಆದರೆ ಅದು ಸಾಲುತ್ತಿರಲಿಲ್ಲ.

ಯಾಕೆ ಸಾಲುವುದಿಲ್ಲ ಅನ್ನುವುದು ನನಗೆ ಅರ್ಥವಾದದ್ದು ಹೊರಗಿನದನ್ನು ಹಾಕಿಸಿದ ಮೇಲೆ. ಹತ್ತು ಹನ್ನೆರಡು ವರ್ಷ ಓಡಿದ ಗಾಡಿಯ ಗಾಜಿನ ಮೇಲೆ ವೈಪರ್ ಎಳೆದ ಗೀರುಗಳು, ಮರಳು ಹೊಡೆದ ಚುಕ್ಕೆಗಳು ತುಂಬಿರುತ್ತವೆ. ಬಿಸಿಲು ನೇರ ಬಿದ್ದರೆ ಆ ಒಂದೊಂದು ಗೀರೂ ಹೊಳೆದು ಇಡೀ ಗಾಜು ಹಾಲು ಬಳಿದಂತಾಗುತ್ತದೆ. ಒಳಗಿನ ವೈಸರ್ ನಮ್ಮ ಕಣ್ಣಿಗೆ ನೆರಳು ಕೊಡುತ್ತದೆ, ಗಾಜಿಗೆ ಕೊಡುವುದಿಲ್ಲ. ಹೊರಗಿನದು ಗಾಜಿನ ಮೇಲೆಯೇ ನೆರಳು ಹಾಕುತ್ತದೆ, ನೆರಳು ಬಿದ್ದಷ್ಟು ಜಾಗದ ಗೀರು ಹೊಳೆಯುವುದಿಲ್ಲ. ಹೊಸ ಗಾಡಿಗಿಂತ ಹಳೇ ಗಾಡಿಗೇ ಇದರ ಉಪಯೋಗ ಹೆಚ್ಚು ಅಂತ ನಾನು ಹೇಳುವುದು ಇದಕ್ಕೇ.

ಈಗ ಮೊದಲ ಸಲ ಆದ ಯಡವಟ್ಟು. ಫೈಬರ್ ವೈಸರ್ ಒಂದನ್ನು ತಂದು ಅಂಗಡಿಯವನ ಕೈಯಲ್ಲೇ ಹಾಕಿಸಿದೆ. "ತೂತು ಹೊಡುದ್ರೇನೇ ಅಣ್ಣಾ ಗಟ್ಟಿ ನಿಲ್ಲೋದು" ಅಂತ ಅವನು ಟಾಪಿನ ಮುಂದಿನ ಅಂಚಿಗೆ ಡ್ರಿಲ್ ಇಟ್ಟು ಆರು ತೂತು ಕೊರೆದು, ಸ್ಕ್ರೂ ತಿರುಗಿಸಿ, ಮೇಲೆ ಸಿಲಿಕಾನ್ ಒತ್ತಿ ಕಳಿಸಿದ. ಕೊರೆದ ತಗಡಿನ ಅಂಚಿಗೆ ಒಂದು ತೊಟ್ಟು ಪೇಂಟ್ ಇಲ್ಲ, ಸ್ಕ್ರೂ ಕೆಳಗೆ ರಬ್ಬರ್ ವಾಷರ್ ಇಲ್ಲ. ನಾನು ಪಕ್ಕದಲ್ಲೇ ನಿಂತಿದ್ದೆ, ಕೇಳಬೇಕಿತ್ತು, ಕೇಳಲಿಲ್ಲ. ಬಿಸಿಲುಗಾಲ ಚೆನ್ನಾಗೇ ಹೋಯಿತು. ಮುಂಗಾರು ಹಿಡಿದ ಎರಡನೇ ವಾರ ಒಳಗಿನ ಟಾಪ್ ಬಟ್ಟೆಯಲ್ಲಿ ಟೀ ಚೆಲ್ಲಿದಂಥ ಕಂದು ಕಲೆ ಕಾಣಿಸಿತು. ಆಮೇಲೆ ಬ್ರೇಕ್ ಹಾಕಿದಾಗೆಲ್ಲ ಅಪ್ಪನ ಹೆಗಲ ಮೇಲೆ ನೀರು ತೊಟ್ಟಿಕ್ಕತೊಡಗಿತು.

ದಸರಾ ಮುಗಿದ ಮೇಲೆ ಬಿಚ್ಚಿಸಿದೆ. ಸ್ಕ್ರೂ ಇದ್ದ ಜಾಗದಲ್ಲಿ ಪೇಂಟ್ ಉಬ್ಬಿ ನಿಂತಿತ್ತು. ಟಿಂಕರಿಂಗ್ ಮೇಸ್ತ್ರಿ ಸ್ಕ್ರೂಡ್ರೈವರ್ ತುದಿಯಿಂದ ಮೆಲ್ಲಗೆ ಒತ್ತಿದರು, ತಗಡು ಹಪ್ಪಳದ ಹಾಗೆ ಪುಡಿಯಾಗಿ ಒಳಕ್ಕೆ ಬಿತ್ತು. ಅದನ್ನು ನೋಡಿ ನನಗೆ ಹೊಟ್ಟೆ ಉರಿದುಹೋಯಿತು. ಕೊಳೆತಷ್ಟನ್ನು ಕತ್ತರಿಸಿ, ಹೊಸ ತಗಡು ಬೆಸೆದು, ರೆಡ್ ಆಕ್ಸೈಡ್ ಹೊಡೆದು, ಪೇಂಟ್ ಮಾಡಿಕೊಡುವಷ್ಟಕ್ಕೆ 6,500 ರೂಪಾಯಿ. ವೈಸರ್‌ಗೆ ಕೊಟ್ಟಿದ್ದು 1,900. ಹಳೇ ಗಾಡಿಗೆ ವೈಸರ್ ಹಾಕಿಸುವವರು ಮೊದಲು ನೋಡಬೇಕಾದ್ದು ವೈಸರ್ ಅಲ್ಲ, ಅದು ಕೂರುವ ತಗಡು. ಗಾಜಿನ ರಬ್ಬರ್ ಎತ್ತಿ ಕೆಳಗೆ ತುಕ್ಕು ಇದೆಯಾ ನೋಡಿ, ಇದ್ದರೆ ಮೊದಲು ಅದನ್ನು ಮುಗಿಸಿಕೊಳ್ಳಿ.

ಎರಡನೇ ಸಲ ಒಂದು ತೂತನ್ನೂ ಹೊಡೆಯಲು ಬಿಡಲಿಲ್ಲ. ಬಾಗಿಲ ಮೇಲೆ ಎರಡೂ ಕಡೆ ಮಳೆನೀರು ಹರಿಯುವ ಗಟರ್ ಇದೆಯಲ್ಲ, ಅದಕ್ಕೆ ಕಚ್ಚಿಕೊಳ್ಳುವ ಕ್ಲ್ಯಾಂಪ್‌ಗಳನ್ನು ಮೇಸ್ತ್ರಿಯೇ ಪಟ್ಟಿ ಬಗ್ಗಿಸಿ ಮಾಡಿಕೊಟ್ಟರು. ಕ್ಲ್ಯಾಂಪ್ ಮತ್ತು ಗಟರ್ ನಡುವೆ ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಎರಡು ಪದರ ಇಟ್ಟೆವು, ಪೇಂಟ್ ಉಜ್ಜಿಹೋಗದಿರಲಿ ಅಂತ. ಬೋಲ್ಟ್ ಎಲ್ಲ ಸ್ಟೀಲಿನವು, ನಟ್ ಅದುರಿದರೂ ಸಡಿಲವಾಗದ ನೈಲಾನ್ ಬಳೆಯವು. ಎರಡೇ ತುದಿಯಲ್ಲಿ ಹಿಡಿದರೆ ನಡು ಕುಣಿಯುತ್ತದೆ, ಅದಕ್ಕೆ ಮಧ್ಯದಲ್ಲಿ ಎರಡು ಕಾಲು ಕೊಟ್ಟು, ತುದಿಗೆ ದಪ್ಪ ರಬ್ಬರ್ ಹಾಕಿ ಟಾಪಿನ ಮೇಲೆ ಕೂರಿಸಿದ್ದೇವೆ.

ಎಷ್ಟು ಕೆಳಗೆ ಬಗ್ಗಿಸಬೇಕು ಅನ್ನುವುದನ್ನು ಅಂಗಡಿಯಲ್ಲಿ ನಿಂತು ತೀರ್ಮಾನ ಮಾಡಬೇಡಿ. ನಾನು ಸೇಬಿನ ಪೆಟ್ಟಿಗೆಯ ರಟ್ಟು ಕತ್ತರಿಸಿ ವೈಸರ್ ಬರುವ ಜಾಗಕ್ಕೆ ಟೇಪ್ ಹಾಕಿ, ಸಂಜೆ ಹೊತ್ತು ಊರೊಳಗೇ ನಿಧಾನಕ್ಕೆ ಎರಡು ದಿನ ಓಡಿಸಿ ನೋಡಿದೆ. ಮೊದಲ ದಿನ ಬೆರಳಗಲ ಜಾಸ್ತಿ ಇಳಿದಿತ್ತು, ಉಬ್ಬು ಹತ್ತುವಾಗ ಮುಂದಿನ ರಸ್ತೆ ಮರೆಯಾಗುತ್ತಿತ್ತು. ಮಾರನೇ ದಿನ ಎತ್ತಿ ಕಟ್ಟಿದೆ, ಸರಿಹೋಯಿತು. ನನ್ನದು ಗಿಡ್ಡ ದೇಹ. ಎತ್ತರದವರಿಗೆ ಇನ್ನೂ ಮೇಲೆ ಬೇಕಾಗುತ್ತದೆ.

ಮೂರು ವರ್ಷದ ಅನುಭವ ಹೇಳುತ್ತೇನೆ. ಮಧ್ಯಾಹ್ನ ಮೂರರಿಂದ ಹತ್ತಿರ ಹತ್ತಿರ ಐದರವರೆಗೆ ಇದು ದೇವರಂಥದ್ದು. ಡ್ಯಾಶ್‌ಬೋರ್ಡ್ ಕೈ ಇಡಲಾಗದಷ್ಟು ಕಾಯುತ್ತಿತ್ತು, ಈಗ ಅಷ್ಟು ಕಾಯುವುದಿಲ್ಲ. ಜಡಿಮಳೆಯಲ್ಲೂ ಗಾಜಿನ ಮೇಲ್ಭಾಗ ಸ್ವಲ್ಪ ಒಣಗಿರುತ್ತದೆ. ಆದರೆ ಐದೂ ಕಾಲರ ಮೇಲೆ ಸೂರ್ಯ ತೀರಾ ಕೆಳಗಿಳಿದಾಗ ಯಾವ ವೈಸರ್ರೂ ತಡೆಯುವುದಿಲ್ಲ, ಕಿರಣ ಅದರ ಕೆಳಗಿನಿಂದಲೇ ನುಗ್ಗುತ್ತದೆ. ಆ ಮುಕ್ಕಾಲು ಗಂಟೆ ಒಳಗಿನ ವೈಸರ್ ಇಳಿಸಿಕೊಂಡು ನಿಧಾನಕ್ಕೆ ಹೋಗುವುದೊಂದೇ ದಾರಿ. ಗಾಜಿನ ಒಳಮೈಯನ್ನು ವಾರಕ್ಕೊಮ್ಮೆ ಒರೆಸಿ, ಅಲ್ಲಿ ಕೂರುವ ಜಿಡ್ಡು ಗೀರಿಗಿಂತ ಹೆಚ್ಚು ಕಾಟ ಕೊಡುತ್ತದೆ.

ಗಾಳಿಯ ವಿಷಯ. ಹಳೇ ರಸ್ತೆಯಲ್ಲಿ 50ರಲ್ಲಿ ಹೋಗುವಾಗ ವೈಸರ್ ಇದೆ ಅಂತಲೇ ಗೊತ್ತಾಗುವುದಿಲ್ಲ. ಹೈವೇ ಹತ್ತಿ ಗಣಂಗೂರು ಟೋಲ್ ದಾಟಿ 80 ಮುಟ್ಟಿಸಿದರೆ ಬೇರೆಯೇ ಕಥೆ. ವೇಗ ಎರಡರಷ್ಟಾದರೆ ಗಾಳಿಯ ಒತ್ತಡ ನಾಲ್ಕರಷ್ಟಾಗುತ್ತದೆ. ಮೊದಲು ಕೊಳಲು ಊದಿದ ಹಾಗೆ ಸಿಳ್ಳೆ ಬರುತ್ತಿತ್ತು. ವೈಸರ್‌ಗೂ ಟಾಪಿಗೂ ನಡುವೆ ಗಾಳಿ ಹಾಯಲು ಎರಡು ಬೆರಳು ಸಂದು ಬಿಟ್ಟು ಮತ್ತೆ ಕೂರಿಸಿದ ಮೇಲೆ ನಿಂತಿತು. ಡೀಸೆಲ್ ಲೆಕ್ಕದಲ್ಲಿ, ಹೈವೇಯಲ್ಲೇ ಹೋದ ದಿನ ಲೀಟರ್‌ಗೆ ಸುಮಾರು ಅರ್ಧ ಕಿಲೋಮೀಟರ್ ಕಡಿಮೆ ಬರುತ್ತದೆ. ಊರ ರಸ್ತೆಯಲ್ಲಿ ವ್ಯತ್ಯಾಸ ಕಾಣಲಿಲ್ಲ.

ಸಿಗ್ನಲ್ ಕಾಣದಿರುವುದು ನಿಜವಾದ ತೊಂದರೆ. ಮೈಸೂರಿನ ರಿಂಗ್ ರೋಡ್‌ನಲ್ಲಿ ಮುಂದಿನ ಸಾಲಿಗೆ ಹೋಗಿ ನಿಂತರೆ ಮೇಲಿನ ದೀಪ ವೈಸರ್ ಹಿಂದೆ ಅಡಗುತ್ತದೆ. ಬಿಳಿ ಗೆರೆಗಿಂತ ಒಂದು ಗಾಡಿಯುದ್ದ ಹಿಂದೆ ನಿಲ್ಲುವುದು ನನಗೀಗ ರೂಢಿ. ಅಮೆರಿಕದಲ್ಲಿ 1950ರ ಸುಮಾರಿನ ಪಿಕಪ್, ಕಾರುಗಳಿಗೆ ಇಂಥ ವೈಸರ್ ಹಾಕಿಸುವವರು ಬಹಳ ಜನ ಇದ್ದರು. ಅವರಿಗೂ ಇದೇ ತೊಂದರೆಯಾಗಿ, ಸಿಗ್ನಲ್ ದೀಪ ಕಾಣುವಂತೆ ಡ್ಯಾಶ್‌ಬೋರ್ಡ್ ಮೇಲೆ ಪುಟ್ಟ ಪಟ್ಟಕದಂಥ ಗಾಜು ಕೂರಿಸಿಕೊಳ್ಳುತ್ತಿದ್ದರು. ನಮ್ಮ ಮಾರ್ಕೆಟ್‌ಗಳಲ್ಲಿ ನಾನು ಅದನ್ನು ಹುಡುಕಿದೆ, ಸಿಗಲಿಲ್ಲ.

ಕಂದು ಬಣ್ಣದ ಪಾರದರ್ಶಕ ವೈಸರ್‌ಗಳೂ ಬರುತ್ತವೆ, ಸಿಗ್ನಲ್ ಮಟ್ಟಿಗೆ ಅವು ಒಳ್ಳೆಯವು. ನಮ್ಮ ಮಾವನ ಗಾಡಿಯಲ್ಲಿದೆ. ಆದರೆ ಸೂರ್ಯನ ಬಿಲ್ಲೆ ಅದರ ಮೂಲಕವೂ ಕಣ್ಣಿಗೆ ಚುಚ್ಚುತ್ತದೆ. ನನ್ನದು ಸೂರ್ಯನಿಗೆ ಎದುರಾಗಿ ಹೋಗುವ ಸಂಜೆ ಓಟ, ಹಾಗಾಗಿ ಬೆಳಕು ಹಾಯದ ಫೈಬರ್ರೇ ನನ್ನ ಆಯ್ಕೆ.

ಹಾಕಿಸಿದ ಮೇಲೆ ನೂರು ಕಿಲೋಮೀಟರ್ ಓಡಿಸಿ ನಟ್ ಬಿಗಿ ಮಾಡಿ, ಆಮೇಲೆ ತಿಂಗಳಿಗೊಮ್ಮೆ ಕೈಯಿಂದ ಅಲ್ಲಾಡಿಸಿ ನೋಡಿ. ಹೈವೇಯಲ್ಲಿ ಕಿತ್ತು ಹಾರಿದರೆ ಹಿಂದೆ ಬರುವವರ ಜೀವಕ್ಕೆ ಅಪಾಯ, ಇದರಲ್ಲಿ ಉದಾಸೀನ ಬೇಡ. ಎಂಟು ವರ್ಷ ದಾಟಿದ ನಮ್ಮಂಥ ಬಾಡಿಗೆ ಗಾಡಿಗಳಿಗೆ ವರ್ಷವರ್ಷವೂ ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನುವ ಫಿಟ್‌ನೆಸ್ ಸರ್ಟಿಫಿಕೇಟ್) ಇರುವುದರಿಂದ, ಆ ಹೊತ್ತಿಗೆ ನಾನು ಅದನ್ನು ಪೂರ್ತಿ ಬಿಚ್ಚಿ ಗಟರ್ ತೊಳೆದು ಮತ್ತೆ ಹಾಕುತ್ತೇನೆ, ನಾಲ್ಕು ಬೋಲ್ಟ್ ಅಷ್ಟೇ. ಮೂರು ವರ್ಷದ ಬಿಸಿಲಿಗೆ ಫೈಬರಿನ ಕಪ್ಪು ಬೂದಿಯಾಗಿದೆ, ಎಡ ಮೂಲೆಯಲ್ಲಿ ಹುಣಸೆ ಕೊಂಬೆ ತಗುಲಿ ಸೀಳು ಬಿಟ್ಟಿದೆ. ಕಳೆದ ತಿಂಗಳು ಸೈಕಲ್ ಟ್ಯೂಬಿನ ಪದರ ಬದಲಿಸಿದೆ. ಕೆಳಗೆ ಗಟರಿನ ಪೇಂಟ್ ಹಾಕಿದ ದಿನದ ಹಾಗೇ ಇತ್ತು. ಅಪ್ಪ ಈಗ ಟವಲನ್ನು ಹೆಗಲ ಮೇಲೇ ಇಟ್ಟುಕೊಂಡು ಬರುತ್ತಾರೆ.