ಸ್ಟೀಲು 316 ಆ, 316ಎಲ್ ಆ? ಲಿಬ್ಸ್ ಗನ್ ಹೇಳುತ್ತದೆ

ಪೀಣ್ಯದಲ್ಲಿ ನಮ್ಮದು ಸಣ್ಣ ಫ್ಯಾಬ್ರಿಕೇಶನ್ ಶೆಡ್. ಡೈರಿಗಳಿಗೆ, ಔಷಧ ಕಾರ್ಖಾನೆಗಳಿಗೆ ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) ಟ್ಯಾಂಕ್ ಮಾಡಿಕೊಡುತ್ತೇವೆ. ಎಸ್‌ಎಸ್‌ನಲ್ಲೇ 316, 316ಎಲ್ ಅಂತ ಎರಡು ಗ್ರೇಡ್, ಅವುಗಳ ಪ್ಲೇಟ್ ಪಕ್ಕಪಕ್ಕ ಇಟ್ಟರೆ ಯಾರಿಗೂ ಗುರುತು ಸಿಗುವುದಿಲ್ಲ. ವ್ಯತ್ಯಾಸ ಇರುವುದು ಕಾರ್ಬನ್‌ನಲ್ಲಿ. 316ರಲ್ಲಿ ಶೇ. 0.08ರವರೆಗೆ ಇರಬಹುದು, ಎಲ್‌ನಲ್ಲಿ ಶೇ. 0.03 ದಾಟಬಾರದು. ಕಾರ್ಬನ್ ಜಾಸ್ತಿ ಇದ್ದರೆ ವೆಲ್ಡಿಂಗ್ ಬಿಸಿಗೆ ಅದು ಕ್ರೋಮಿಯಂ ಜೊತೆ ಸೇರಿಕೊಳ್ಳುತ್ತದೆ. ಆಮೇಲೆ ವೆಲ್ಡ್ ಪಕ್ಕದಲ್ಲೇ ತುಕ್ಕು ಶುರು.

ಮೊದಲು ಎಕ್ಸ್-ರೇ ಬಿಟ್ಟು ಲೋಹದಲ್ಲಿ ಏನೇನಿದೆ ಅಂತ ಹೇಳುವ ಎಕ್ಸ್‌ಆರ್‌ಎಫ್ ಗನ್ ಬಳಸುತ್ತಿದ್ದೆವು. ನಿಕಲ್, ಮಾಲಿಬ್ಡಿನಂ ಚೆನ್ನಾಗಿ ತೋರಿಸುತ್ತಿತ್ತು. ಕಾರ್ಬನ್ ಮಾತ್ರ ಅದಕ್ಕೆ ಸಿಗುವುದಿಲ್ಲ. ಅದಕ್ಕೇ ಆರು ತಿಂಗಳ ಹಿಂದೆ ಲೇಸರ್‌ನಿಂದ ಕಾರ್ಬನ್ ಅಳೆಯುವ ಲಿಬ್ಸ್ ಗನ್ ತಂದೆ.

ಟ್ರಿಗರ್ ಒತ್ತಿದರೆ ಲೇಸರ್ ಟಕಟಕ ಅಂತ ಬಡಿಯುತ್ತದೆ. ಬಡಿದ ಜಾಗದಲ್ಲಿ ಚೂರೇ ಚೂರು ಲೋಹ ಆವಿಯಾಗಿ ಹೊಳೆಯುತ್ತದೆ. ಆ ಬೆಳಕನ್ನು ಒಡೆದು ಯಾವ ಧಾತು ಎಷ್ಟಿದೆ ಅಂತ ಗನ್ ಲೆಕ್ಕ ಹಾಕುತ್ತದೆ. ಕಾರ್ಬನ್‌ನ ಗೆರೆ ಬರುವುದು 193 ನ್ಯಾನೋಮೀಟರ್ ಹತ್ತಿರ. ಗಾಳಿಯಲ್ಲಿರುವ ಆಮ್ಲಜನಕ ಆ ಬೆಳಕನ್ನು ನುಂಗಿಬಿಡುತ್ತದೆ. ಹಾಗಾಗಿ ಗನ್ನಿನ ಮೂತಿಯಿಂದ ಆರ್ಗಾನ್ ಅನಿಲ ಊದುತ್ತಿರಬೇಕು. ಪ್ಲೇಟ್ ಮೇಲೆ ಕೊನೆಗೆ ಉಳಿಯುವುದು ಸಾಸಿವೆಗಿಂತ ಚಿಕ್ಕ ಕಪ್ಪು ಚುಕ್ಕಿ, ಅಷ್ಟೇ.

2023ರ ಆಗಸ್ಟ್‌ನಲ್ಲಿ ಪ್ರಜ್ಞಾನ್ ರೋವರ್ ಚಂದ್ರನ ನೆಲದಲ್ಲಿ ಗಂಧಕ ಕಂಡುಹಿಡಿದದ್ದೂ ಹೀಗೆಯೇ. ರೋವರ್‌ನ ಆ ಲಿಬ್ಸ್ ಉಪಕರಣ ಮಾಡಿದ ಇಸ್ರೋದ ಪ್ರಯೋಗಾಲಯ ಲಿಯೋಸ್ ಇರುವುದು ನಮ್ಮ ಪೀಣ್ಯದಲ್ಲೇ. ನನಗೆ ಅದು ದೊಡ್ಡ ಹೆಮ್ಮೆ.

ಮೊದಲ ವಾರ ಒಂದೇ ಪ್ಲೇಟಿಗೆ ಒಂದೊಂದು ಸಲ ಒಂದೊಂದು ಲೆಕ್ಕ ಬಂತು. ನೋಡಿದರೆ ಹುಡುಗರು ಎಂಎಸ್ (ಸಾದಾ ಮೈಲ್ಡ್ ಸ್ಟೀಲ್) ಉಜ್ಜಿದ ಡಿಸ್ಕಿನಲ್ಲೇ ಎಸ್‌ಎಸ್ ಉಜ್ಜುತ್ತಿದ್ದರು. ಈಗ ಎಲ್ ಪ್ಲೇಟಿಗೆ ಅಂತಲೇ ಝಿರ್ಕೋನಿಯಾ ಡಿಸ್ಕ್ ಬೇರೆ ಇಟ್ಟಿದ್ದೇವೆ. ಸಿಲಿಕಾನ್ ಕಾರ್ಬೈಡ್ ಬೇಡವೇ ಬೇಡ, ಅದರಲ್ಲೇ ಕಾರ್ಬನ್ ಇದೆ ಅಲ್ವಾ! ಉಜ್ಜಿದ ಜಾಗಕ್ಕೆ ಬೆರಳೂ ತಾಗಿಸಬಾರದು, ಕೈಯ ಜಿಡ್ಡಿಗೂ ರೀಡಿಂಗ್ ಏರುತ್ತದೆ.

ಕಳೆದ ತಿಂಗಳು 316ಎಲ್ ಅಂತ ಸರ್ಟಿಫಿಕೇಟ್ ಸಮೇತ ಬಂದ ಪ್ಲೇಟ್ ಕಾರ್ಬನ್ ಶೇ. 0.05 ತೋರಿಸಿತು. ಐದು ಕಡೆ ಹೊಡೆದು ನೋಡಿದೆ. ತುಂಡು ಕತ್ತರಿಸಿ ಲ್ಯಾಬಿಗೂ ಕಳಿಸಿದೆ, ಅಲ್ಲೂ ಹೆಚ್ಚುಕಡಿಮೆ ಅಷ್ಟೇ ಬಂತು. ಲೋಡು ವಾಪಸ್ ಹೋಯಿತು. ಅದೇ ಪ್ಲೇಟಿನಲ್ಲಿ ಹಾಲಿನ ಟ್ಯಾಂಕ್ ಕಟ್ಟಿದ್ದರೆ ಏನು ಗತಿ?

ಬರೀ 304, 316 ಗ್ರೇಡ್ ಬೇರ್ಪಡಿಸಬೇಕು ಅನ್ನುವವರಿಗೆ ಎಕ್ಸ್‌ಆರ್‌ಎಫ್ ಸಾಕು. ಎಲ್ ಗ್ರೇಡ್ ವೆಲ್ಡ್ ಮಾಡುವವರು ಲಿಬ್ಸ್ ಗನ್ನನ್ನೇ ತೆಗೆದುಕೊಳ್ಳಿ. ಆರ್ಗಾನ್ ಕ್ಯಾನ್ ಎರಡು ಜಾಸ್ತಿ ಇಟ್ಟುಕೊಳ್ಳಿ. ದಿನಾ ಬೆಳಗ್ಗೆ ಗೊತ್ತಿರುವ ಸ್ಯಾಂಪಲ್ ಮೇಲೆ ಹೊಡೆದು ನೋಡಿಯೇ ಕೆಲಸ ಶುರು ಮಾಡಿ. ಲೇಸರ್ ಕನ್ನಡಕ ಹಾಕದೆ ಯಾರ ಕೈಗೂ ಗನ್ ಕೊಡಬೇಡಿ.