ಅಖಿಲ ಭಾರತ ಹವಾಮಾನ ಪ್ರಕಟಣೆ: ಹೋಲಿಕೆಗೆ ಎಷ್ಟು ಒದಗುತ್ತದೆ?

ಭಾರತೀಯ ಹವಾಮಾನ ಇಲಾಖೆ ಪ್ರತಿದಿನ ಹೊರಡಿಸುವ ಅಖಿಲ ಭಾರತ ಹವಾಮಾನ ಪ್ರಕಟಣೆ ನಮ್ಮಲ್ಲಿ ಬಹುತೇಕರಿಗೆ ಪರಿಚಯವಿರುವುದು ದಿನಪತ್ರಿಕೆಯಲ್ಲಿ ಅಚ್ಚಾಗುವ ನಾಲ್ಕಾರು ಸಾಲುಗಳ ರೂಪದಲ್ಲಿ ಮಾತ್ರ. ಇಲಾಖೆಯ ಜಾಲತಾಣದಲ್ಲಿ ಉಚಿತವಾಗಿ ಸಿಗುವ ಮೂಲ ಪ್ರಕಟಣೆ ಅದಕ್ಕಿಂತ ಎಷ್ಟೋ ಪಾಲು ವಿಸ್ತಾರವಾದದ್ದು. ಪಶ್ಚಿಮ ರಾಜಸ್ಥಾನ, ಮೇಘಾಲಯ, ಕೊಂಕಣ, ತಮಿಳುನಾಡುಗಳಲ್ಲಿ ಒಂದೇ ದಿನ ಹವೆ ಹೇಗಿತ್ತೆಂದು ಅಕ್ಕಪಕ್ಕ ಇಟ್ಟು ನೋಡಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಸಾಧನ ನಮಗಿಲ್ಲವೆಂದೇ ನನ್ನ ಅಭಿಪ್ರಾಯ. ಆದರೆ ಅದನ್ನು ಓದುವ ಕ್ರಮ ತಿಳಿಯದಿದ್ದರೆ, ಅದರಲ್ಲಿರುವ ಸರಿಯಾದ ಅಂಕಿಗಳಿಂದಲೇ ತಪ್ಪು ತೀರ್ಮಾನಕ್ಕೆ ಬರುವ ಸಾಧ್ಯತೆಯಿದೆ.

ಹೋಲಿಕೆಗೆ ಮೊದಲು ಬೇಕಾದದ್ದು ಸಮಾನ ಅಳತೆ. ಈ ವಿಷಯದಲ್ಲಿ ಪ್ರಕಟಣೆಯ ಶಿಸ್ತು ಮೆಚ್ಚುವಂಥದ್ದು. ದೇಶದ ಯಾವ ಮೂಲೆಯಲ್ಲಾಗಲಿ, ದಿನದ ಮಳೆಯೆಂದರೆ ಬೆಳಿಗ್ಗೆ 8.30ಕ್ಕೆ ಕೊನೆಗೊಂಡ 24 ಗಂಟೆಗಳ ಮಳೆ. 64.5 ಮಿ.ಮೀ. ಮುಟ್ಟಿದರೆ ಭಾರಿ, 115.6 ಮುಟ್ಟಿದರೆ ಅತಿ ಭಾರಿ, 204.5ರಿಂದ ಮೇಲಕ್ಕೆ ಅತ್ಯಧಿಕ ಭಾರಿ ಎಂಬ ವರ್ಗೀಕರಣ ಎಲ್ಲೆಡೆಗೂ ಒಂದೇ. 'ಅಲ್ಲಲ್ಲಿ ಮಳೆ' ಎಂದು ನಾವು ಸಡಿಲವಾಗಿ ಆಡುವ ಮಾತಿಗೂ ಇಲ್ಲಿ ಲೆಕ್ಕವುಂಟು: ಒಂದು ಉಪವಿಭಾಗದ (ಹವಾಮಾನದ ಲೆಕ್ಕಕ್ಕಾಗಿ ದೇಶವನ್ನು ಹಂಚಿರುವ ಪ್ರದೇಶಗಳಲ್ಲಿ ಒಂದರ) ಮಾಪನ ಕೇಂದ್ರಗಳಲ್ಲಿ ಶೇ 25ರವರೆಗೆ ಮಳೆಯಾದರೆ ಒಂದು ಹೆಸರು, ಶೇ 50ರವರೆಗೆ ಇನ್ನೊಂದು, ಶೇ 75 ಮೀರಿದರೆ ಮಾತ್ರ 'ವ್ಯಾಪಕ'.

ಇಷ್ಟಾದರೂ ಪ್ರಕಟಣೆಯ ನಿಜವಾದ ಬೆಲೆ ಇರುವುದು ವಾಡಿಕೆಯಿಂದ ಆದ ವ್ಯತ್ಯಾಸವನ್ನು ತೋರಿಸುವ ಭಾಗದಲ್ಲಿ. ಪತ್ರಿಕೆಗಳು ಎತ್ತಿಕೊಳ್ಳುವುದು ದೇಶದಲ್ಲೇ ಅತಿ ಹೆಚ್ಚು ಉಷ್ಣಾಂಶ ದಾಖಲಾದ ಊರಿನ ಹೆಸರನ್ನು. ಬೇಸಿಗೆಯಲ್ಲಿ ಅದು ಸಾಮಾನ್ಯವಾಗಿ ರಾಜಸ್ಥಾನದ್ದೋ ವಿದರ್ಭದ್ದೋ ಆಗಿರುತ್ತದೆ, ಅದರಿಂದ ಹೊಸದಾಗಿ ತಿಳಿಯುವುದು ಕಡಿಮೆ. ಮೇ ತಿಂಗಳಲ್ಲಿ ಜೈಸಲ್ಮೇರಿನ 42 ಡಿಗ್ರಿ ಹೆಚ್ಚುಕಡಿಮೆ ಅಲ್ಲಿನ ವಾಡಿಕೆಯ ಬಿಸಿಲು. ಅದೇ ಹೊತ್ತಿಗೆ ಕರಾವಳಿಯ ಊರೊಂದು ವಾಡಿಕೆಗಿಂತ ಐದು ಡಿಗ್ರಿ ಏರಿ 38 ಮುಟ್ಟಿದ್ದರೆ, ಆ ದಿನ ವಿಪರೀತ ನಡೆದಿರುವುದು ಕರಾವಳಿಯಲ್ಲಿ. ಬಿಸಿಗಾಳಿಯ ಮಾನದಂಡವೂ ಇದನ್ನೇ ಅನುಸರಿಸುತ್ತದೆ: ಬಯಲಿನಲ್ಲಿ ಕನಿಷ್ಠ 40, ಕರಾವಳಿಯಲ್ಲಿ 37, ಗುಡ್ಡಗಾಡಿನಲ್ಲಿ 30 ಡಿಗ್ರಿ ಇರಬೇಕು, ಜೊತೆಗೆ ವಾಡಿಕೆಗಿಂತ 4.5 ಡಿಗ್ರಿಯಾದರೂ ಮೇಲಿರಬೇಕು. ಬಯಲಿನಲ್ಲಿ 45 ಮುಟ್ಟಿದರೆ ವ್ಯತ್ಯಾಸವನ್ನು ನೋಡುವ ಅಗತ್ಯವೇ ಇಲ್ಲ. ಚಳಿಗಾಲದಲ್ಲಿ ಅತಿ ಕಡಿಮೆ ಉಷ್ಣಾಂಶವನ್ನು ಬಯಲು ಪ್ರದೇಶಗಳ ನಡುವೆ ಮಾತ್ರ ಹೋಲಿಸಿ ಹೇಳುವುದೂ ವಿವೇಕದ ಕ್ರಮ, ಇಲ್ಲವಾದರೆ ಚಳಿಗಾಲವಿಡೀ ಲಡಾಖಿನ ದ್ರಾಸ್‌ನಂಥ ಊರುಗಳ ಹೆಸರನ್ನೇ ಓದಬೇಕಾಗುತ್ತಿತ್ತು.

ವಾಡಿಕೆಯೊಡನೆ ಹೋಲಿಸುವ, ಉಷ್ಣಾಂಶಕ್ಕೆ ಇಷ್ಟು ಚೆನ್ನಾಗಿ ಹೊಂದುವ ಈ ಕ್ರಮ ಮಳೆಗೆ ಅಷ್ಟು ಹೊಂದುವುದಿಲ್ಲ. ಮಳೆಯ ವ್ಯತ್ಯಾಸವನ್ನು ಶೇಕಡಾವಾರು ಕೊಡುವುದರಿಂದ, ವಾಡಿಕೆಯೇ ಅತ್ಯಲ್ಪವಾಗಿರುವ ಪಶ್ಚಿಮ ರಾಜಸ್ಥಾನದಲ್ಲಿ ಕೆಲವೇ ಮಿಲಿಮೀಟರ್ ಹೆಚ್ಚು ಬಿದ್ದರೂ ನಕ್ಷೆಯಲ್ಲಿ 'ಭಾರಿ ಅಧಿಕ' ಎಂಬ ಬಣ್ಣ ಮೂಡುತ್ತದೆ. ಮೇಘಾಲಯದಲ್ಲಿ ಕೊರತೆಯೆಂದು ಗುರುತಾದ ವಾರದ ಮಳೆ ರಾಜಸ್ಥಾನದ ಆ ಮಳೆಯ ಹಲವು ಪಟ್ಟು ಇರಬಹುದು. ಶೇಕಡಾವಾರಿನ ಪಕ್ಕದಲ್ಲಿರುವ ಮಿಲಿಮೀಟರ್ ಅಂಕಿಯನ್ನು ನೋಡದೆ ಮುಂದೆ ಹೋಗಬಾರದು.

ನನ್ನ ಮುಖ್ಯ ಆಕ್ಷೇಪವಿರುವುದು ಉಪವಿಭಾಗಗಳ ಬಗ್ಗೆ. ಇಡೀ ದೇಶವನ್ನು 36 ಹವಾಮಾನ ಉಪವಿಭಾಗಗಳಾಗಿ ಹಂಚಲಾಗಿದೆ. ಕರ್ನಾಟಕದ ಪಾಲಿಗೆ ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು ಎಂಬ ಮೂರು. ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಕಾಣುವ ಆಗುಂಬೆಯೂ, ರಾಜ್ಯದ ಅತಿ ಒಣ ಪ್ರದೇಶಗಳಲ್ಲಿ ಒಂದಾದ ಚಳ್ಳಕೆರೆಯೂ ಇದೇ ದಕ್ಷಿಣ ಒಳನಾಡಿಗೆ ಸೇರುತ್ತವೆ. ಇವೆರಡರ ಸರಾಸರಿ ತೆಗೆದು ಕೇರಳದೊಡನೆಯೋ ತೆಲಂಗಾಣದೊಡನೆಯೋ ಹೋಲಿಸಿದರೆ ಬರುವ ಉತ್ತರ ಆಗುಂಬೆಗೂ ಒಪ್ಪದು, ಚಳ್ಳಕೆರೆಗೂ ಒಪ್ಪದು. ಜಿಲ್ಲಾವಾರು ಮಳೆ ನಕ್ಷೆಯನ್ನು ಇಲಾಖೆ ಬೇರೆಯಾಗಿ ಕೊಡುತ್ತದೆ ನಿಜ, ಆದರೆ ಮುಖ್ಯ ಪ್ರಕಟಣೆ ಮಾತನಾಡುವುದು ಉಪವಿಭಾಗಗಳ ಲೆಕ್ಕದಲ್ಲೇ. ಒಂದೇ ನಗರದೊಳಗೂ ಅಂತರ ಎಷ್ಟಿರಬಹುದೆಂಬುದಕ್ಕೆ 2005ರ ಜುಲೈ 26ರ ಮುಂಬೈ ಸಾಕ್ಷಿ: ಸಾಂತಾಕ್ರೂಜ್ ಕೇಂದ್ರದಲ್ಲಿ 944 ಮಿ.ಮೀ. ಮಳೆ ದಾಖಲಾದಾಗ, ಅದೇ ನಗರದ ಕೊಲಾಬಾದಲ್ಲಿ ಬಿದ್ದದ್ದು ಸುಮಾರು 73 ಮಿ.ಮೀ.

ಎಲ್ಲ ಕೇಂದ್ರಗಳ ಅಂಕಿಯೂ ಒಂದೇ ತೂಕದ್ದಲ್ಲವೆಂಬುದನ್ನೂ ಗಮನಿಸಬೇಕು. 2024ರ ಮೇ 29ರಂದು ದೆಹಲಿಯ ಮುಂಗೇಶ್‌ಪುರದ ಸ್ವಯಂಚಾಲಿತ ಕೇಂದ್ರ 52.9 ಡಿಗ್ರಿ ತೋರಿಸಿ, ರಾಜಸ್ಥಾನದ ಫಲೋದಿಯ 2016ರ 51 ಡಿಗ್ರಿ ದಾಖಲೆ ಮುರಿಯಿತೆಂಬ ಸುದ್ದಿ ದೇಶವೆಲ್ಲ ಹಬ್ಬಿತು. ಆ ಸಂವೇದಕ ಮೂರು ಡಿಗ್ರಿ ಹೆಚ್ಚಾಗಿ ತೋರಿಸುತ್ತಿತ್ತೆಂದು ಬಳಿಕದ ಪರಿಶೀಲನೆಯಲ್ಲಿ ತಿಳಿದುಬಂತು. ಅಸಹಜ ಅಂಕಿಯನ್ನು ಇಲಾಖೆ ತಾನೇ ಪರೀಕ್ಷಿಸಿ ಫಲಿತಾಂಶವನ್ನು ಬಹಿರಂಗಪಡಿಸಿದ್ದು ಮೆಚ್ಚತಕ್ಕದ್ದು. ಆದರೂ ಸ್ವಯಂಚಾಲಿತ ಕೇಂದ್ರದ ಅಂಕಿ ಯಾವುದು, ಸಿಬ್ಬಂದಿ ನೋಡಿಕೊಳ್ಳುವ ವೀಕ್ಷಣಾಲಯದ ಅಂಕಿ ಯಾವುದು ಎಂಬ ಗುರುತು ಪ್ರತಿ ಪಟ್ಟಿಯಲ್ಲೂ ಎದ್ದುಕಾಣುವಂತಿರಬೇಕು.

2020ರಲ್ಲಿ ಬಂದ 'ಮೌಸಮ್' ಆ್ಯಪ್ ನಮ್ಮೂರಿನ ಮುನ್ಸೂಚನೆ ನೋಡಿಕೊಳ್ಳಲು ಸಾಕು, ಪ್ರದೇಶಗಳ ಹೋಲಿಕೆಗೆ ಸಾಲದು. ಹಸಿರು, ಹಳದಿ, ಕಿತ್ತಳೆ, ಕೆಂಪು ಬಣ್ಣಗಳ ಎಚ್ಚರಿಕೆ ನಕ್ಷೆಯೂ ಹೋಲಿಕೆಗಾಗಿ ರೂಪಿಸಿದ್ದಲ್ಲ. ಅದು ಸಿದ್ಧತೆಗೆ ಸಂಬಂಧಿಸಿದ್ದು. ಅಖಿಲ ಭಾರತ ಪ್ರಕಟಣೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಹೊರಡುತ್ತದೆ, ಉದ್ದವೂ ಹೆಚ್ಚು. ಸಮಯ ಕಡಿಮೆ ಇರುವವರು ಮೊದಲು ಉಷ್ಣಾಂಶದ ವ್ಯತ್ಯಾಸದ ನಕ್ಷೆಯನ್ನೂ, ಆಮೇಲೆ 7 ಸೆಂ.ಮೀ. ಮತ್ತು ಅದಕ್ಕಿಂತ ಹೆಚ್ಚು ಮಳೆ ಕಂಡ ಊರುಗಳ ಪಟ್ಟಿಯನ್ನೂ ನೋಡಿ, ಉಳಿದದ್ದನ್ನು ಬಿಡುವಿದ್ದಾಗ ಓದಬಹುದು.